ಗೋಡಿ ಮ್ಯಾಲಿನ ವಿಜನ್ ಬೋರ್ಡ್ ನಮ್ಮ ಹಮಾಲರಿಗೆ ಓದಿ ಹೇಳೋರು ಯಾರ್ರೀ?

ಸಂಪಾದಕರಿಗೆ ನಮಸ್ಕಾರ್ರೀ,

ಹೋದ ವಾರ ನಿಮ್ಮ ವಾಚಕರ ಕಾಲಂನಾಗ ಒಬ್ರು ಉದ್ದಿಮೆದಾರರು ಬರದಿದ್ರು, ಈಗಿನ ಕೆಲಸಗಾರರಿಗೆ ಕಂಪನಿ ಅಂದ್ರ ಪಗಾರ ಅಷ್ಟೇ, ಕಂಪನಿ ಎಲ್ಲಿಗೆ ಹೊಂಟದ ಯಾಕ ಹೊಂಟದ ಅನ್ನೋ ಖಬರೇ ಇರಂಗಿಲ್ಲ ಅಂತ. ಓದಿ ಎರಡು ದಿನ ಸುಮ್ನಿದ್ದೆ, ಆಮ್ಯಾಲ ತಡೀಲಾರದ ಬರೀಲಕತ್ತೀನಿ. ಖಬರ್ ಇರಂಗಿಲ್ಲ ಅನ್ನೋದು ಖರೆ ಅದ್ರಿ. ಆದ್ರ ಖಬರ್ ಕೊಟ್ಟೋರು ಯಾರು? ಹೇಳಲಾರ್ದ ತಿಳ್ಕೊಳ್ಳಲಕ ಅವರೇನು ಹಸ್ತ ನೋಡೋರಾ?

ನಾನು ಕಲಬುರಗಿ ಕಪನೂರ ಕಡಿ ಒಂದು ದಾಲ್‌ಮಿಲ್‌ನಾಗ 19 ವರ್ಷದಿಂದ ಇದ್ದೀನಿ. ಕಟ್ಟಾ, ಅಂದ್ರ ಚೀಲ, ಎಣಿಸಿ ಬರಿಯೋ ಹುಡುಗ ಆಗಿ ಸೇರ್ಕೊಂಡಿದ್ದು, ಈಗ ಸೂಪರ್‌ವೈಸರ್ ಅಂತಾರ, ಕೆಲಸ ಏನು ಭಾಳ ಬದಲಾಗಿಲ್ಲ ಬಿಡ್ರಿ, ಎಣಿಸೋದು ಅದೇ ಒದರೋದು ಒಂದೀಟು ಜಾಸ್ತಿ ಆಗ್ಯಾದ. ಮಿಲ್ಲಿನ ಹೆಸರು ಹೇಳಂಗಿಲ್ಲ, ಉಪ್ಪು ತಿಂದ ಮನಿ. ಸೀಜನ್ ಟೈಮಿಗೆ 70 ಮಂದಿ ಇರ್ತೀವಿ, ಮಳಿಗಾಲಕ್ಕ 40ಕ್ಕ ಇಳೀತದ. ತಾಂಡಾದಿಂದ ಬರೋ ಹೆಣ್ಮಕ್ಕಳು ಹಾರ, ಬಿಹಾರದ ಹುಡುಗರು ಹಾರ, ಮಶೀನ್ ಮ್ಯಾಲ ಇರೋರು ನಮ್ಮ ಸುತ್ತಮುತ್ತಲ ಹಳ್ಳಿಯೋರು. ಒಂದೇ ಅಂಗಳದಾಗ ಕನ್ನಡ, ಲಂಬಾಣಿ, ನಮ್ಮ ಕಲಬುರಗಿ ಉರ್ದು, ಹಿಂದಿ ಎಲ್ಲಾ ನಡೀತದ. ಇಂಗ್ಲಿಷ್ ಒಂದೇ ನಡಿಯಂಗಿಲ್ಲ.

ಎರಡು ವರ್ಷದ ಹಿಂದ ನಮ್ಮ ಸಣ್ಣ ಸಾವ್ಕಾರ್ರು, ಅಂದ್ರ ಸಾವ್ಕಾರ್ರ ಮಗ, ಓದು ಮುಗ್ಸಿ ಬಂದು ಧಂದಾ ಕೈಯಾಗ ತಗೊಂಡ್ರು. ಒಳ್ಳೆ ಮನುಷ್ಯ, ಹಂಗೇನಿಲ್ಲ. ಹೈದರಾಬಾದಿಂದ ಒಬ್ರು ಕನ್ಸಲ್ಟಂಟ್‌ನ ಕರ್ಸಿ ಊರಾಗಿನ ದೊಡ್ಡ ಹೋಟೆಲ್ ಹಾಲ್‌ನಾಗ ಒಂದಿನ ಮೀಟಿಂಗ್ ಇಟ್ರು. ನಾವು ಸೂಪರ್‌ವೈಸರ್, ಅಕೌಂಟೆಂಟ್, ಖರೀದಿ ನೋಡೋರು, ಒಟ್ಟು 11 ಮಂದಿ ಹೋಗಿದ್ವಿ. ಎಲ್ಲಾರಿಗೂ ನೀಲಿ ಟಿ-ಶರ್ಟ್ ಕೊಟ್ರು, ಬೆನ್ನಿನ ಮ್ಯಾಲ ವಿಜನ್ 2030 ಅಂತ. ಆಮ್ಯಾಲ ಪಿಪಿಟಿ ಸುರು ಆಯ್ತು ನೋಡ್ರಿ, ಊಟಕ್ಕ ತನಕಾ ಅದೇ. ಒಂದು ಸ್ಲೈಡ್‌ನಾಗ ದೊಡ್ಡ ಅಕ್ಷರದಾಗ ಪ್ರೀಮಿಯಮೈಜೇಷನ್ ಅಂತಿತ್ತು. ನಾನು ಡೈರಿಯಾಗ ಹಂಗೇ ಬರ್ಕೊಂಡೆ, ಬಾಜೂಕ ಕುಂತ ನಮ್ಮ ಅಕೌಂಟೆಂಟ್‌ಗೆ ಕೇಳಿದ್ರ ಅವರು ‘ಆಮ್ಯಾಲ ಹೇಳ್ತೀನಿ ಬಿಡ್ರಿ’ ಅಂದ್ರು, ಇವತ್ತಿನ ತನಕಾ ಹೇಳಿಲ್ಲ, ಅವರಿಗೂ ತಿಳಿದಿದ್ದಿಲ್ಲ ಅಂತ ಕಾಣ್ತದ. ಊಟ ಮಾತ್ರ ಚಲೋ ಇತ್ತು.

ಮರುದಿನ ಮಿಲ್ಲಿನ ಒಳಗ ಆಫೀಸ್ ಗೋಡಿಗೆ ಆರಡಿ ಬೋರ್ಡ್ ಬಂತು. ವಿಜನ್, ಮಿಷನ್, ವ್ಯಾಲ್ಯೂಸ್, ಅಂದ್ರ ಕಂಪನಿ ಎಲ್ಲಿಗೆ ಹೊಂಟದ ಯಾಕ ಹೊಂಟದ ಅನ್ನೋದು, ಎಲ್ಲಾ ಇಂಗ್ಲಿಷ್. ನಮ್ಮ ಹಮಾಲ್ರಾಗ ಒಬ್ಬ ಹುಡುಗ ಹತ್ತನೇ ತನಕಾ ಓದ್ಯಾನ, ಅವ ಅಕ್ಷರ ಕೂಡ್ಸಿ ಕೂಡ್ಸಿ ‘ಪ್ರೀಮಿಯಂ’ ತನಕಾ ಓದಿ ನನ್ನ ಹತ್ರ ಬಂದು, ‘ಅಣ್ಣಾರ, ಈ ಪ್ರೀಮಿಯಂ ನಮ್ಮ ಪಗಾರದಾಗ ಕಟ್ ಆಗ್ತದೇನ್ರಿ?’ ಅಂತ ಕೇಳ್ದ. ನಾನು ನಕ್ಕೆ. ನಕ್ಕು ಕಳಿಸ್ದೆ ನೋಡ್ರಿ, ಅಲ್ಲೇ ತಪ್ಪು ಮಾಡ್ದೆ. ಸಂಜಿ ಆಗೋದ್ರಾಗ ಮಿಲ್ ತುಂಬ ಸುದ್ದಿ, ಎಲ್ಲಾರಿಗೂ ಇನ್ಶೂರೆನ್ಸ್ ಮಾಡಸ್ತಾರಂತ, ತಿಂಗಳಾ ರೊಕ್ಕ ಹಿಡೀತಾರಂತ.

ಖರೆ ಹೇಳ್ಬೇಕಂದ್ರ ಆ ಪ್ರೀಮಿಯಮೈಜೇಷನ್ ಪ್ಲ್ಯಾನ್ ಭಾಳ ಛಲೋ ಇತ್ತು, ಅದೇ ನನಗ ಹೊಟ್ಟಿ ಉರಿಯೋದು. ಪ್ಲ್ಯಾನ್ ಏನಂದ್ರ, ನಮ್ಮ ತೊಗರಿ ಬ್ಯಾಳಿ ಇನ್ನ ಮ್ಯಾಲ ಎಲ್ಲಾರಂಗ ಪಾಲಿಶ್ ಹೊಡದು ಲೂಸ್ ಕಟ್ಟಾದಾಗ ಮಾರೋದು ಕಮ್ಮಿ ಮಾಡಿ, ಪಾಲಿಶ್ ಇಲ್ಲದ ಬ್ಯಾಳಿ ನಮ್ಮದೇ ಪಾಕೀಟ್‌ನಾಗ ಹಾಕಿ ಬೆಂಗಳೂರು ಪುಣೆ ಕಡಿ ಕಳಸೋದು. ಯಾಕಂದ್ರ ಸಾದಾ ಬ್ಯಾಳಿ ರೇಟಿನಾಗ ನಾವು ಹೊರಗಿನ ಮಾಲಿನ ಮುಂದ ನಿಂದ್ರಲಕ ಆಗವಲ್ದು. 2016ರಾಗ ಸರ್ಕಾರ ಮೊಜಾಂಬಿಕ್ ಜೊತಿ ತೊಗರಿ ತರ್ಸೋ ಒಪ್ಪಂದ ಮಾಡ್ಕೊಂಡಿತು, 2021ರ ಮೇ ತಿಂಗಳದಾಗ ತೊಗರಿ ಆಮದಿಗೆ ಇದ್ದ ಮಿತಿ ತೆಗೆದು ಪೂರಾ ಖುಲ್ಲಾ ಮಾಡಿಬಿಟ್ರು, ಆವಾಗಿಂದ ಬರ್ಮಾದ ಲೆಮನ್ ಅನ್ನೋ ಜಾತಿ ತೊಗರಿ, ಆಫ್ರಿಕಾದ ಮಾಲು ಬಂದರಿನಾಗ ಇನ್ನೂ ಜಾಸ್ತಿ ಇಳೀಲಕತ್ತದ. ಇತ್ತ ನಮ್ಮ ರೈತರ ತೊಗರಿಗೆ 2025-26ಕ್ಕ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇಟ್ಟಿದ್ರು. ಹೊರಗಿನ ಮಾಲು ಗಂಜ್, ಅಂದ್ರ ನಮ್ಮ ಮಾರ್ಕೆಟಿನ, ರೇಟ್ ಕೆಳಗ ಜಗ್ತದ, ರೈತನೂ ಸೊರಗ್ತಾನ, ಅವನ ಮಾಲು ತಗೊಂಡು ಒಡಿಯೋ ಮಿಲ್ಲೂ ಸೊರಗ್ತದ.

ನಮ್ಮ ಹತ್ರ ಇರೋದೊಂದೇ, ಮಣ್ಣು. ಕೆಳಗ ಸುಣ್ಣಕಲ್ಲು, ಮ್ಯಾಲ ಕರಿ ಮಣ್ಣು. ಅದೇ ಕಲ್ಲಿನ ಮ್ಯಾಲ ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಫ್ಯಾಕ್ಟರಿ ನಿಂತಾವ, ಅದೇ ಕಲ್ಲಿನಿಂದ ನಮ್ಮ ತೊಗರಿಗೆ ಆ ರುಚಿ ಬಂದದ ಅಂತಾರ. 2019ರಾಗ ಕಲಬುರಗಿ ತೊಗರಿ ಬ್ಯಾಳಿಗೆ ಜಿಐ ಟ್ಯಾಗ್, ಅಂದ್ರ ಇದು ಈ ಸೀಮಿದೇ ಮಾಲು ಅನ್ನೋ ಸರ್ಕಾರಿ ಗುರ್ತು, ಸಿಕ್ಕದ. ರೇಟಿನಾಗ ಗೆಲ್ಲಲಕ ಆಗ್ದಿದ್ರ ರುಚಿ ಮ್ಯಾಲ, ಹೆಸರಿನ ಮ್ಯಾಲ ಮಾರ್ಬೇಕು. ಇಷ್ಟೇ ಮಾತು. ಇದನ್ನ ನಮ್ಮ ಅಂಗಳದಾಗ ಯಾವ ಮುದುಕಿಗಿ ಹೇಳಿದ್ರೂ ತಿಳೀತಿತ್ತು. ಆದ್ರ ಇದು ನನಗ ತಿಳಿದಿದ್ದು ಮೀಟಿಂಗ್ ಆಗಿ ನಾಕು ತಿಂಗಳ ಮ್ಯಾಲ, ಅದೂ ಒಂದು ನುಕ್ಸಾನ್ ಆದ ಮ್ಯಾಲ.

ಆ ನುಕ್ಸಾನದ ಕಥಿ ಕೇಳ್ರಿ. ಜನವರಿ, ತೊಗರಿ ಆವಕ ಜೋರ್ ಇದ್ದ ಟೈಮ್. ಬೆಂಗಳೂರಿನ ಒಂದು ಪಾರ್ಟಿಯಿಂದ 200 ಕ್ವಿಂಟಲ್ ಪಾಲಿಶ್ ಇಲ್ಲದ ಬ್ಯಾಳಿಗೆ ಆರ್ಡರ್ ಬಂತು, ಮೊದಲನೇ ದೊಡ್ಡ ಆರ್ಡರ್. ಆಫೀಸಿಂದ ಚೀಟಿ ಬಂತು, ಮಾಲಿನ ಹೆಸರು, ತೂಕ, ಅದರ ಮುಂದ ‘ಅನ್‌ಪಾಲಿಶ್ಡ್’ ಅಂತ ಇಂಗ್ಲಿಷ್‌ನಾಗ ಬರದಿದ್ರು, ಅಷ್ಟೇ. ನಾನು ಮೇಸ್ತ್ರಿಗೆ ಬಾಯಿಲೆ ಹೇಳ್ದೆ, ‘ಈ ಲಾಟ್ ಪಾಲಿಶ್‌ಗೆ ಹಾಕಬ್ಯಾಡ್ರಿ ಕಾಕಾ’ ಅಂತ. ಯಾಕ ಅಂತ ಹೇಳ್ಲಿಲ್ಲ. ನಾನೇ ಪೂರಾ ತಿಳ್ಕೊಂಡಿದ್ದಿಲ್ಲಲ್ಲ, ಏನಂತ ಹೇಳ್ಲಿ.

ನಮ್ಮ ಮೇಸ್ತ್ರಿ 30 ವರ್ಷದ ಅನುಭವದ ಮನುಷ್ಯ. ಸಿಪ್ಪಿ ತೆಗಿಯೋ ಎಮರಿ ರೋಲರ್ ಸಪ್ಪಳ ಕೇಳಿ ಕಲ್ಲು ಎಷ್ಟು ಸವದದ ಅಂತ ಹೇಳ್ತಾರ. ಅವರ ಲೆಕ್ಕದಾಗ ಹೊಳಿಯೋ ಬ್ಯಾಳಿನೇ ಬ್ಯಾಳಿ, ಮಂಕ ಬ್ಯಾಳಿ ಅಂದ್ರ ಮಿಲ್ಲಿಗಿ ಅವಮಾನ. ರಾತ್ರಿ ಪಾಳಿಯಾಗ ಲಾಟ್ ಇಳೀತು, ನೋಡಿದ್ರು, ಬ್ಯಾಳಿ ಮಂಕ ಅದ, ಬೆಂಗಳೂರಿಗಿ ಹೋಗೋ ಮಾಲು, ದೊಡ್ಡ ಪಾರ್ಟಿ, ಹಿಂಗ ಕಳಿಸಿದ್ರ ನಮ್ಮ ಸಾವ್ಕಾರ್ರ ಮರ್ಯಾದಿ ಏನಾಗ್ಬೇಕು. ಪಾಲಿಶ್ ಬ್ಯಾಡ ಅಂದಿದ್ದು ಟೈಮ್ ಉಳಸಲಕ ಇರಬೇಕು ಅಂತ ತಿಳ್ಕೊಂಡು, ತಮ್ಮ ಊಟದ ಟೈಮ್ ಬಿಟ್ಟು, ಇಬ್ರು ಹುಡುಗರನ್ನ ಇಟ್ಕೊಂಡು ಬೆಳಗಿನ ಐದರ ತನಕಾ 60 ಕ್ವಿಂಟಲ್ ಪಾಲಿಶ್ ಹೊಡದು ಚಿನ್ನದಂಗ ಮಾಡಿ ಇಟ್ಟಿದ್ರು. ಓವರ್‌ಟೈಮ್‌ ಸೈತ ಬರಸಿದ್ದಿಲ್ಲ. ನಾನು ಮುಂಜಾನಿ ಹೋದಾಗ ಕಣ್ಣು ಕೆಂಪಗ ಮಾಡ್ಕೊಂಡು ನಿಂತಿದ್ರು, ಮಾರಿ ಮ್ಯಾಲ ನಗಿ. ‘ನೋಡ್ರಿ ಹೆಂಗ ಬಂದದ’ ಅಂತ ಮುಷ್ಟಿ ತುಂಬ ಬ್ಯಾಳಿ ತಗೊಂಡು ನನ್ನ ಅಂಗೈಯಾಗ ಹಾಕಿದ್ರು.

ನನಗ ಬಾಯಾಗ ಮಾತು ಬರ್ಲಿಲ್ಲ. ಅದೇ ಟೈಮಿಗೆ ಗೇಟಿನ ಮುಂದ ಲಾರಿ ನಿಂತಿತ್ತು.

ಆ 60 ಕ್ವಿಂಟಲ್ ಪಾರ್ಟಿಯವರು ತಗೊಳ್ಳಿಲ್ಲ. ಸ್ಯಾಂಪಲ್ ಅಂಗೈಯಾಗ ತಿಕ್ಕಿ ನೋಡಿ ಜಿಡ್ಡು ಅದ ಅಂದ್ರು, ಮುಗೀತು. ಹೊಳ್ಳಿ ಗಂಜ್‌ನಾಗ ಸಾದಾ ರೇಟಿಗೆ ಹಾಕಿದ್ವಿ. ಸಣ್ಣ ಸಾವ್ಕಾರ್ರು ಮೇಸ್ತ್ರಿಗೆ ಎಲ್ಲಾರ ಮುಂದ ಬೈದ್ರು, ಹೇಳಿದ್ದು ಕೇಳಂಗಿಲ್ಲ ನೀವು ಅಂತ. ಮೇಸ್ತ್ರಿ ಒಂದು ಮಾತೂ ಆಡ್ಲಿಲ್ಲ, ಟಾವೆಲ್ ಹೆಗಲಿಗಿ ಹಾಕ್ಕೊಂಡು ನಳದ ಕಡಿ ಹೋಗಿ ಮಾರಿ ತೊಳ್ಕೊಂಡ್ರು, ಭಾಳ ಹೊತ್ತು ತೊಳ್ಕೊಂಡ್ರು. ಈಗ ನೀವೇ ಹೇಳ್ರಿ, ಈ ಮನುಷ್ಯಗ ಕಂಪನಿ ಮ್ಯಾಲ ಅಭಿಮಾನ ಇಲ್ಲಂತೀರಾ? ಅಭಿಮಾನ ಜಾಸ್ತಿ ಆಗಿದ್ದಕ್ಕೇ 60 ಕ್ವಿಂಟಲ್ ಕೆಟ್ಟಿದ್ದು. ಏನು ಮಾಡ್ಬೇಕು ಅಂತ ಹೇಳಿದ್ವಿ, ಯಾತಕ್ಕ ಅಂತ ಹೇಳ್ಲಿಲ್ಲ. ಯಾತಕ್ಕ ಅಂತ ಗೊತ್ತಿಲ್ಲದ ಮನುಷ್ಯ ತನ್ನ ಹಳೇ ಬುದ್ಧಿಗೆ ಸರಿ ಕಂಡಿದ್ದೇ ಮಾಡ್ತಾನ. ಬೈಸ್ಕೋಬೇಕಾಗಿದ್ದು ನಾನು. ಹೋಟೆಲ್ ಊಟ ಉಂಡೋನು ನಾನು, ಟಿ-ಶರ್ಟ್ ಹಾಕ್ಕೊಂಡೋನು ನಾನು. ಅವತ್ತು ಸುಮ್ನ ನಿಂತೆ, ಈಗ ಬರ್ಯಾಕ ನಾಚಿಕಿ ಆಗ್ತದ.

ಆ ಸಂಜಿ ನಾನು ಆಫೀಸಿಗಿ ಹೋಗಿ ಸಣ್ಣ ಸಾವ್ಕಾರ್ರಿಗೆ ಕೇಳೇ ಬಿಟ್ಟೆ, ಈ ಪಾಲಿಶ್ ಯಾಕ ಬ್ಯಾಡ, ನನಗ ಕನ್ನಡದಾಗ ಹೇಳ್ರಿ ಅಂತ. ಅವರು ಮೊದ್ಲು ಸಿಟ್ಟಾದ್ರು, ಆಮ್ಯಾಲ ಕುಂದ್ರಿಸಿ ಚಾ ತರ್ಸಿ ಹೇಳಿದ್ರು. ಕಾಲು ತಾಸು ಹಿಡೀಲಿಲ್ಲ. ಮೊದ್ಲೇ ಹಿಂಗ ಹೇಳಿದ್ರ ಏನ್ ಹೋಗ್ತಿತ್ತ್ರಿ ಅಂದೆ. ‘ಬೋರ್ಡ್ ಹಾಕ್ಸಿದ್ನಲ್ಲ’ ಅಂದ್ರು.

ಎರಡು ದಿನ ಬಿಟ್ಟು ಮಧ್ಯಾಹ್ನ ರೊಟ್ಟಿ ಉಣ್ಣೋ ಟೈಮಿಗೆ ಎಲ್ಲಾರೂ ಬೇವಿನ ಗಿಡದ ಕೆಳಗ ಕುಂತಿದ್ರು. ಎರಡು ತಾಟಿನಾಗ ಎರಡು ನಮೂನಿ ಬ್ಯಾಳಿ ಹಾಕಿ ನಡುವ ಇಟ್ಟೆ, ಒಂದು ಹೊಳಿಯೋದು, ಒಂದು ಮಂಕ. ಹೊಳಿಯೋದು ಎಣ್ಣಿ, ನೀರು, ತಿಕ್ಕಾಟದಿಂದ ಹೊಳೀತದ, ರುಚಿ ಏನು ಹೆಚ್ಚಾಗಂಗಿಲ್ಲ, ತಿಕ್ಕಿದಷ್ಟು ಪುಡಿ ಉದುರ್ತದ, ಸಿಪ್ಪಿ ಬಿಡಸಲಕ ಮೊದ್ಲು ಕಾಳಿಗಿ ಹಚ್ಚೋ ಎಣ್ಣಿ ಬ್ಯಾರೆ, ಇದು ಬರೀ ಶೋಕಿ ಎಣ್ಣಿ ಅಂತ ಹೇಳ್ದೆ. ಪ್ಯಾಟಿ ಮಂದಿಗಿ ಈಗ ಶೋಕಿ ಬ್ಯಾಡಾಗ್ಯಾದ, ಮಂಕ ಬ್ಯಾಳಿಗೆ ರೊಕ್ಕ ಜಾಸ್ತಿ ಕೊಡ್ತಾರ ಅಂದೆ. ಅಷ್ಟರಾಗ ಸೋಸೋ ಹೆಣ್ಮಕ್ಕಳಾಗ ಹಿರಿ ಅಕ್ಕ ಒಬ್ರು ಮಂಕ ಬ್ಯಾಳಿ ನಾಕು ಕಾಳು ಬಾಯಾಗ ಹಾಕ್ಕೊಂಡು, ‘ಇದು ನಮ್ಮ ಮನ್ಯಾಗ ಬೀಸೋಕಲ್ಲಿನಾಗ ಒಡದ ಬ್ಯಾಳಿನೇ ಅದಲ್ರಿ ಅಣ್ಣಾ, ಇದಕ್ಯಾಕ ಗೋಡಿ ತುಂಬ ಇಂಗ್ಲಿಷ್ ಬರದೀರಿ?’ ಅಂದ್ರು. ಎಲ್ಲಾರೂ ನಕ್ರು. ಮೇಸ್ತ್ರಿನೂ ನಕ್ರು, ಅವತ್ತಿನ ಮ್ಯಾಲ ಮೊದ್ಲ ಸಲ.

ಆ ಅಕ್ಕ ಅಷ್ಟಕ್ಕ ಬಿಡ್ಲಿಲ್ಲ. ಮುಂದಿನ ಲಾಟ್ ಇಳಿಯೋ ಮೊದ್ಲು ಬಂದು ಹೇಳಿದ್ರು, ಎಲಿವೇಟರ್ ಬಕೀಟ್‌ನಾಗ ಪಾಲಿಶ್ ಮಾಲಿನ ಜಿಡ್ಡು ಕುಂತಿರ್ತದ, ಅದರಾಗೇ ಈ ಮಾಲು ಏರಿಸಿದ್ರ ಮತ್ತ ಹೊಳಪು ಹತ್ತಂಗಿಲ್ಲೇನ್ರಿ ಅಂತ. ಹೌದಲ್ಲ! ಕನ್ಸಲ್ಟಂಟ್‌ಗೂ ಹೊಳೆದಿದ್ದಿಲ್ಲ, ನನಗೂ ಹೊಳೆದಿದ್ದಿಲ್ಲ. ಈಗ ಲಾಟ್ ಬದಲ್ ಆಗೋ ಮುಂದ ಬಕೀಟ್ ಒರೆಸಿ, ಮೊದಲಿನ ಎರಡು ಕಟ್ಟಾ ಬ್ಯಾರೆ ತೆಗೆದಿಡ್ತೀವಿ.

ಇನ್ನೊಂದು ಮಾತು, ರಿಕವರಿದು, ಅಂದ್ರ ಹಾಕಿದ ತೊಗರಿಯಾಗ ಎಷ್ಟು ಬ್ಯಾಳಿ ಬರ್ತದ ಅನ್ನೋದು. ಬೋರ್ಡ್‌ನಾಗ ರಿಕವರಿ ಎರಡು ಪರ್ಸೆಂಟ್ ಏರಿಸೋದು ಅಂತ ಒಂದು ಗುರಿ ಅದ. ಮಂದಿಗಿ ಪರ್ಸೆಂಟ್ ಅಂದ್ರ ಗಾಳಿ. ನಮ್ಮಂಥ ಮಿಲ್‌ನಾಗ ಒಂದು ಕ್ವಿಂಟಲ್ ತೊಗರಿ ಹಾಕಿದ್ರ 70ರಿಂದ 75 ಕಿಲೋ ಬ್ಯಾಳಿ ಬರ್ತದ, ಉಳಿದಿದ್ದು ಹೊಟ್ಟು, ಚುನ್ನಿ, ಟುಕಡಿ. ಎರಡು ಪರ್ಸೆಂಟ್ ಅಂದ್ರ ಕ್ವಿಂಟಲ್‌ಗೆ ಎರಡು ಕಿಲೋ, ದಿನಕ್ಕ 100 ಕ್ವಿಂಟಲ್ ನಡದ್ರ 200 ಕಿಲೋ, ದನದ ಹಿಂಡಿ ರೇಟಿಗೆ ಹೋಗೋದು ಬ್ಯಾಳಿ ರೇಟಿಗೆ ಹೋಗ್ತದ. ನಾನು ಈ ಲೆಕ್ಕ ಹೇಳಲಕ ಹೋಗ್ಲಿಲ್ಲ, 50 ಕಿಲೋದ ನಾಕು ಖಾಲಿ ಕಟ್ಟಾ ತಗೊಂಡು ಬಾಗಲ ಮುಂದ ಒಂದರ ಮ್ಯಾಲ ಒಂದು ಇಟ್ಟೆ, ದಿನಾ ಇಷ್ಟು ಬ್ಯಾಳಿ ಚುನ್ನಿಯಾಗ ಹೋಗ್ಲಕತ್ತದ ಅಂದೆ. ರೋಲರ್ ಮ್ಯಾಲಿನ ಹುಡುಗ ಅವತ್ತೇ ಬಂದು ಕಾಳು ಸರಿಯಾಗಿ ಒಣಗಲಾರ್ದ ಹಾಕ್ಲಕತ್ತಾರ, ಅದಕ್ಕ ಟುಕಡಿ ಜಾಸ್ತಿ ಅಂತ ಅಂಗಳದವರ ಮ್ಯಾಲ ಜಗಳ ತೆಗದ. ಜಗಳ ಆಗ್ಲಿ ಬಿಡ್ರಿ, ಇಷ್ಟು ವರ್ಷ ಆ ಜಗಳಾನೂ ಆಗ್ತಿದ್ದಿಲ್ಲ.

ಹೇಳಲಾರ್ದ ಇದ್ರ ಏನಾಗ್ತದ ಅನ್ನೋದಕ್ಕ ಸಾರ್ಟೆಕ್ಸ್ ಮಶೀನ್ ಬಂದಾಗ ನೋಡಬೇಕಿತ್ತು. ಕ್ಯಾಮೆರಾದಿಂದ ಬಣ್ಣ ನೋಡಿ ಕೆಟ್ಟ ಕಾಳು ಗಾಳಿ ಹೊಡದು ಹೊರಗ ಹಾಕೋ ಮಶೀನ್. ಲಾರಿಯಿಂದ ಅದು ಇಳಿದಿದ್ದೇ ತಡ, ಸೋಸೋ ಹೆಣ್ಮಕ್ಕಳು ನಮ್ಮ ಕೆಲಸ ಹೋಯ್ತು ಅಂತ ತಿಳ್ಕೊಂಡು ಒಂಬತ್ತು ಮಂದಿ ಬಾಜೂ ಮಿಲ್ಲಿಗಿ ಹೋಗಿಬಿಟ್ರು. ಅವರನ್ನ ಪಾಕೀಟ್ ತುಂಬೋ ಕೆಲಸಕ್ಕ ಹಾಕ್ಬೇಕು ಅಂತ ಸಾವ್ಕಾರ್ರು ಮೊದ್ಲೇ ಲೆಕ್ಕ ಹಾಕಿದ್ರಂತ, ಅದು ಅವರ ಲ್ಯಾಪ್‌ಟಾಪ್‌ನಾಗ ಇತ್ತು. ಪಾಕೀಟ್ ಕೆಲಸ ಸುರು ಆದಾಗ ಹೊಸ ಮಂದಿನ ಹುಡುಕ್ಯಾಡಿ ತಂದು ಕಲಸೋದ್ರಾಗ ಒಂದು ತಿಂಗಳು ಹೋಯ್ತು.

ಈಗ ಕಾಯಿದೆ ಮಾತು. ನಾನು ವಕೀಲ ಅಲ್ಲ, ಆದ್ರ ಲೇಬರ್ ಆಫೀಸಿನ ಕಟ್ಟಿ ಮ್ಯಾಲ ಕುಂತು ಕುಂತು ಒಂದೀಟು ತಿಳದದ. 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯಿದೆಯ 9ನೇ ಕಲಂನಾಗ, ಕಾರ್ಖಾನಿಯ ನಿಯಮಗಳನ್ನ ಇಂಗ್ಲಿಷ್ ಜೊತಿಗೆ ಹೆಚ್ಚಿನ ಮಂದಿ ಕೆಲಸಗಾರರಿಗೆ ತಿಳಿಯೋ ಭಾಷಾದಾಗ, ಅವರು ಒಳಗ ಬರೋ ಬಾಗಿಲ ಹತ್ರಾನೇ ಬೋರ್ಡ್ ಮ್ಯಾಲ ಹಾಕ್ಬೇಕು ಅಂತಿತ್ತು. 1948ರ ಫ್ಯಾಕ್ಟರಿ ಕಾಯಿದೆನೂ ನೋಟಿಸಿಗೆ ಇದೇ ಮಾತು ಹೇಳಿತ್ತು. 1976ರಾಗ ಸಂವಿಧಾನದಾಗ 43ಎ ಅಂತ ಸೇರಿಸಿ, ಕೈಗಾರಿಕೆಯ ಆಡಳಿತದಾಗ ಕೆಲಸಗಾರರೂ ಪಾಲ್ಗೊಳ್ಳಂಗ ಸರ್ಕಾರ ಮಾಡ್ಬೇಕು ಅಂತ ಬರದ್ರು. 2020ರ ಹೊಸ ಲೇಬರ್ ಕೋಡ್‌ನಾಗ ಸ್ಟ್ಯಾಂಡಿಂಗ್ ಆರ್ಡರ್ 300 ಮಂದಿ ಮತ್ತ ಅದಕ್ಕೂ ಜಾಸ್ತಿ ಇದ್ದಲ್ಲಿಗೇ ಅಂತ ಮಾಡ್ಯಾರ, ಹಂಗಾಗಿ ನಮ್ಮಂಥ ದಾಲ್‌ಮಿಲ್‌ಗಳು ಅದರಾಗ ಬರಂಗೇ ಇಲ್ಲ. ಮಜಾ ಏನಂದ್ರ, 2024ರಿಂದ ಹೊರಗಿನ ಬೋರ್ಡ್‌ನಾಗ 60 ಪರ್ಸೆಂಟ್ ಕನ್ನಡ ಇರಬೇಕು ಅಂತ ಕಾಯಿದೆ ಬಂದದ, ನಮ್ಮ ಮಿಲ್ಲಿನ ಗೇಟ್ ಮ್ಯಾಲ ಈಗ ದೊಡ್ಡ ಕನ್ನಡ ಅದ. ರೋಡಿನಾಗ ಹೋಗೋರಿಗೆ ಕನ್ನಡ, ಒಳಗ ದುಡಿಯೋರಿಗೆ ಇಂಗ್ಲಿಷ್.

ಹಂಗಂತ ಕನ್ನಡ ಬೋರ್ಡ್ ಹಾಕ್ಸಿದ್ರ ಮುಗೀತು ಅಂತ ನಾನು ಅನ್ನಂಗಿಲ್ಲ. ನಮ್ಮಲ್ಲಿ ಅರ್ಧ ಮಂದಿಗಿ ಯಾವ ಅಕ್ಷರಾನೂ ಬರಂಗಿಲ್ಲ. ಅವರಿಗೆ ಬಾಯಿಲೇ ಹೇಳ್ಬೇಕು, ಕೈಯಾಗ ಕಾಳು ಹಿಡಿದು ಹೇಳ್ಬೇಕು, ಒಂದ್ಸಲ ಹೇಳಿದ್ರ ಸಾಲಂಗಿಲ್ಲ, ಸೀಜನ್‌ಗೆ ಹೊಸ ಮಂದಿ ಬಂದಾಗೆಲ್ಲಾ ಹೇಳ್ಬೇಕು.

ಸಾವ್ಕಾರ್ ಮಂದಿ ಒಂದು ಮಾತು ಅಂತಾರ, ಎಲ್ಲಾ ಹೇಳಿದ್ರ ಗಂಜ್‌ನಾಗ ಸುದ್ದಿ ಹೋಗ್ತದ, ಬಾಜೂ ಮಿಲ್‌ನವ ಕಾಪಿ ಹೊಡೀತಾನ ಅಂತ. ರೇಟ್ ಹೇಳಬ್ಯಾಡ್ರಿ, ಪಾರ್ಟಿ ಹೆಸರು ಹೇಳಬ್ಯಾಡ್ರಿ, ಯಾರು ಕೇಳ್ಯಾರ? ಈ ಬ್ಯಾಳಿ ಯಾಕ ಮಂಕ ಇರಬೇಕು ಅನ್ನೋದು ಗುಟ್ಟೇನ್ರಿ? ಪಾಕೀಟ್ ಮ್ಯಾಲ ನೀವೇ ಅಚ್ಚು ಹಾಕ್ಸೀರಿ. ಗಿರಾಕಿಗಿ ಹೇಳೋದು ಒಡಿಯೋ ಮನುಷ್ಯಗ ಹೇಳಲಕ ಏನು ಭಿಡೆ? ಇನ್ನೊಂದು ಅಂತಾರ, ಅವರಿಗೆ ತಿಳಿಯಂಗಿಲ್ಲ ಅಂತ. ಮುಗಲ ನೋಡಿ ತೊಗರಿ ಒಣಗಲಕ ಎರಡು ದಿನ ಬೇಕೋ ಮೂರು ದಿನ ಬೇಕೋ ಅಂತ ಹೇಳೋ ಮಂದಿಗಿ ಇದು ತಿಳಿಯಂಗಿಲ್ಲಂತ. ಪಿಪಿಟಿ ನಮಗೇ ತಿಳಿದಿದ್ದಿಲ್ಲ, ಆದ್ರೂ ಚಪ್ಪಾಳಿ ಹೊಡದು ಬಂದಿದ್ವಿ.

ನಮ್ಮ ಸೂಪರ್‌ವೈಸರ್ ಮಂದಿದೂ ತಪ್ಪದ, ಅದನ್ನೂ ಬರೀರಿ. ಮ್ಯಾಲಿಂದ ಬಂದ ಮಾತು ನಮ್ಮಲ್ಲೇ ನಿಲ್ತದ. ಕೇಳಿದ್ರ ದಡ್ಡ ಅನ್ನಿಸ್ಕೋಬೇಕಾಗ್ತದ ಅಂತ ಕೇಳಂಗಿಲ್ಲ, ತಿಳಿಲಾರದ್ದು ಹೇಳಲಕ ಬರಂಗಿಲ್ಲ, ಕಡೀಗಿ ‘ಹೇಳಿದಷ್ಟು ಮಾಡ್ರಿ’ ಅಂತ ಒದರಿ ಕೈ ತೊಳ್ಕೊತೀವಿ. ನಾನು 17 ವರ್ಷ ಹಂಗೇ ಒದರೀನಿ.

ಈಗ ಮತ್ತೊಂದು ಸುದ್ದಿ ಹಬ್ಬ್ಯಾದ, ದೀಪಾವಳಿಗೆ ಎರಡನೇ ಪ್ಯಾಕಿಂಗ್ ಲೈನ್ ಬರ್ತದ, ಪೂರಾ ಆಟೋಮ್ಯಾಟಿಕ್ ಅಂತ. ಆ ಹಿರಿ ಅಕ್ಕ ದಿನಾ ಗೇಟಿನಾಗ ನಿಂದ್ರಿಸಿ ಕೇಳ್ತಾರ, ‘ಏನಂತ್ರಿ ಅಣ್ಣಾ, ನಾವು ಇರ್ತೀವೋ ಹೋಗ್ತೀವೋ?’ ನನ್ನ ಹತ್ರ ಉತ್ತರ ಇಲ್ಲ. ಸಣ್ಣ ಸಾವ್ಕಾರ್ರು ಸೋಮವಾರ ಬೆಂಗಳೂರಿಂದ ಬರ್ತಾರ, ಕೇಳೋದದ, ಈ ಸಲ ಒಬ್ಬನೇ ಹೋಗಂಗಿಲ್ಲ, ಮೇಸ್ತ್ರಿ ಕಾಕಾಗೂ ಆ ಅಕ್ಕಗೂ ಕರ್ಕೊಂಡೇ ಆಫೀಸಿಗಿ ಹೋಗ್ತೀನಿ. ಹಂಗಾಗಿ ಈ ಪತ್ರ ಸೋಮವಾರಕ್ಕಿಂತ ಮೊದ್ಲು ಹಾಕೋದಾದ್ರ ದಯಮಾಡಿ ನನ್ನ ಹೆಸರು ತೆಗೀರಿ. ಆಮ್ಯಾಲ ಹಾಕೋದಾದ್ರ ಒಂದು ಫೋನ್ ಮಾಡ್ರಿ, ಹೆಂಗಾಯ್ತು ಅಂತ ನೋಡಿ ಹೇಳ್ತೀನಿ.

ಇಂತಿ,
ಒಬ್ಬ ದಾಲ್‌ಮಿಲ್ ಸೂಪರ್‌ವೈಸರ್
ಕಲಬುರಗಿ